ತೊಂಬತ್ತಾರು ಗುಳಿಗಳು ಮತ್ತು ಒಂದು ಎ ಮೈನಸ್

ಎಂ.ಎಸ್ಸಿ ಬಯೋಕೆಮಿಸ್ಟ್ರಿಯ ಕೊನೆಯ ಸೆಮಿಸ್ಟರಿನಲ್ಲಿ ನಾನೊಂದು ಕಿಟ್ ಹಾಳು ಮಾಡಿದೆ. ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟು, ಅದರಲ್ಲಿ ಸಾಲಾಗಿ 96 ಪುಟ್ಟ ಗುಳಿಗಳು, ಜೊತೆಗೆ ಬೆರಳುದ್ದದ ಏಳೆಂಟು ಬಾಟಲಿಗಳು. ರಕ್ತದಲ್ಲಿ ಇನ್ಸುಲಿನ್ ಎಷ್ಟಿದೆ ಎಂದು ಅಳೆಯುವ ಎಲೈಸಾ ಕಿಟ್ ಅದು. ನನ್ನ ಪ್ರಾಜೆಕ್ಟಿಗೆಂದು ಡಿಪಾರ್ಟ್‌ಮೆಂಟಿನವರು ತರಿಸಿದ್ದರು. ಅದರ ಬೆಲೆ ನನ್ನ ಹಾಸ್ಟೆಲ್ಲಿನ ಎಷ್ಟೋ ತಿಂಗಳ ಖರ್ಚಿಗೆ ಸಮ. ನಡುವೆ ಪ್ಲೇಟನ್ನು ಐದು ಸಲ ಬಫರಿನಲ್ಲಿ ತೊಳೆಯಬೇಕು ಎಂದು ಕೈಪಿಡಿಯಲ್ಲಿ ಬರೆದಿತ್ತು. ಮೆಸ್ಸಿನಲ್ಲಿ ಊಟ ಮುಗಿದುಹೋಗುವ ಹೊತ್ತು. ನಾನು ಎರಡೇ ಸಲ ತೊಳೆದು ಮುಂದೆ ಹೋದೆ. ಕೊನೆಯ ದ್ರಾವಣ ಹಾಕಿದ ಮೇಲೆ ನೋಡಿದರೆ ಅಷ್ಟೂ ಗುಳಿಗಳು ಒಂದೇ ಸಮನೆ ಗಾಢ ಹಳದಿ. ಇನ್ಸುಲಿನ್ನೇ ಇಲ್ಲದ ಸೊನ್ನೆಯ ಗುಳಿ ಕೂಡ ಹಳದಿ.

ನಮ್ಮ ಸರ್ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದರು. ಹುಡುಗಿಯರಿಗೆ ಓದಿ ಬರೆಯುವುದು ಹೇಳಿ ಮಾಡಿಸಿದ್ದು, ಬೆಂಚಿನ ಕೆಲಸ ಮಾತ್ರ ಬರುವುದಿಲ್ಲ ಎಂದು ಎಲ್ಲರೆದುರು ಹೇಳಿ ಹೊರಟುಹೋದರು. ತಪ್ಪು ನನ್ನದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ತೊಳೆಯದೆ ಬಿಟ್ಟದ್ದು ನಾನು, ಜಗತ್ತಿನ ಹುಡುಗಿಯರಲ್ಲ. ಆ ರಾತ್ರಿ ಸಿಟ್ಟಿನಲ್ಲೇ ಈ ಹಾಳು ವಿಧಾನವನ್ನು ಕಂಡುಹಿಡಿದವರು ಯಾರಿರಬಹುದು ಎಂದು ಹುಡುಕಲು ಕೂತೆ. ಸಿಕ್ಕವರೆ ಬೈಯುವ ಉದ್ದೇಶವಿತ್ತು. ಸಿಕ್ಕಿದ್ದು ಒಬ್ಬ ಹೆಂಗಸು. ಹೆಸರು ರೊಸಾಲಿನ್ ಯಾಲೋ. ಅಂದಿನಿಂದ ಇಂದಿನವರೆಗೆ ಆಕೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಕೆಲಸ ಹುಡುಕುತ್ತಿರುವ ನನ್ನಂಥವರಿಗೆ ಆಕೆಯ ಕತೆ ಗೊತ್ತಿರಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ರೊಸಾಲಿನ್ ಸಸ್‌ಮನ್ ಹುಟ್ಟಿದ್ದು 1921ರ ಜುಲೈ 19ರಂದು, ನ್ಯೂಯಾರ್ಕ್ ನಗರದಲ್ಲಿ. ಯಹೂದಿ ಕುಟುಂಬ. ತಾಯಿ ಕ್ಲಾರಾ ನಾಲ್ಕು ವರ್ಷದವಳಿದ್ದಾಗ ಜರ್ಮನಿಯಿಂದ ಬಂದವಳು. ತಂದೆ ಸೈಮನ್ ಚಿಕ್ಕ ವ್ಯಾಪಾರ ಮಾಡಿಕೊಂಡಿದ್ದವರು. ಇಬ್ಬರೂ ಹೈಸ್ಕೂಲಿನ ಮೆಟ್ಟಿಲು ಹತ್ತಿರಲಿಲ್ಲ. ಮನೆಯಲ್ಲಿ ಪುಸ್ತಕಗಳಿರಲಿಲ್ಲ. ಆದರೆ ಶಾಲೆಗೆ ಸೇರುವ ಮೊದಲೇ ಹುಡುಗಿ ಓದುವುದನ್ನು ಕಲಿತಿದ್ದಳು. ವಾರಕ್ಕೊಮ್ಮೆ ಅಣ್ಣ ಅಲೆಕ್ಸಾಂಡರ್ ಜೊತೆ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ಬದಲಾಯಿಸಿಕೊಂಡು ಬರುವುದು ಅವರ ಮನೆಯ ರೂಢಿ.

ಹೈಸ್ಕೂಲು ಮುಗಿದ ಮೇಲೆ ಸೇರಿದ್ದು ಹಂಟರ್ ಕಾಲೇಜು. ನಗರಾಡಳಿತ ನಡೆಸುತ್ತಿದ್ದ, ಫೀಸಿಲ್ಲದ ಹೆಣ್ಣುಮಕ್ಕಳ ಕಾಲೇಜು ಅದು. ಆ ಕಾಲಕ್ಕೆ ಸರಿಯಾಗಿ ಮೇರಿ ಕ್ಯೂರಿಯ ಮಗಳು ಈವ್ ಬರೆದ ತಾಯಿಯ ಜೀವನಚರಿತ್ರೆ ಹೊರಬಂದಿತ್ತು. ರೊಸಾಲಿನ್ ಅದನ್ನು ಓದಿ ಭೌತವಿಜ್ಞಾನಕ್ಕೆ ಮನಸೋತಳು. 1939ರ ಆರಂಭದಲ್ಲಿ ಎನ್ರಿಕೊ ಫರ್ಮಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆಗಷ್ಟೇ ಗೊತ್ತಾಗಿದ್ದ ಪರಮಾಣು ವಿದಳನದ ಬಗ್ಗೆ ಉಪನ್ಯಾಸ ಕೊಟ್ಟಾಗ, ಕಾಲಿಡಲು ಜಾಗವಿಲ್ಲದ ಆ ಕೋಣೆಯಲ್ಲಿ ಈ ಹದಿನೇಳರ ಹುಡುಗಿಯೂ ಇದ್ದಳು. ಮನೆಯವರಿಗೆ ಮಾತ್ರ ಮಗಳು ಪ್ರಾಥಮಿಕ ಶಾಲೆಯ ಟೀಚರ್ ಆದರೆ ಸಾಕಿತ್ತು. ಇದನ್ನು ಓದುವಾಗ ನನಗೆ ನಗು ಬಂತು. ನಮ್ಮಪ್ಪ ಮೂರು ವರ್ಷದಿಂದ ಬಿ.ಎಡ್ ಅರ್ಜಿ ತರಲೇ ಎಂದು ಕೇಳುತ್ತಿದ್ದಾರೆ.

ಡಿಗ್ರಿ ಮುಗಿಯುವ ಹೊತ್ತಿಗೆ ನಿಜವಾದ ಕಷ್ಟ ಶುರುವಾಯಿತು. ಮುಂದೆ ಓದಬೇಕೆಂದರೆ ಹಣವಿಲ್ಲ. ಬೋಧನಾ ಸಹಾಯಕಿಯ ಹುದ್ದೆ ಸಿಕ್ಕರೆ ಮಾತ್ರ ದಾರಿ. ಒಂದು ವಿಶ್ವವಿದ್ಯಾಲಯಕ್ಕೆ ಆಕೆಯ ಪ್ರಾಧ್ಯಾಪಕರು ಶಿಫಾರಸು ಬರೆದರು. ಅಲ್ಲಿಂದ ಬಂದ ಉತ್ತರದ ಸಾರ ಇಷ್ಟು: ಈಕೆ ನ್ಯೂಯಾರ್ಕಿನವಳು, ಯಹೂದಿ, ಮೇಲಾಗಿ ಹೆಂಗಸು. ಓದು ಮುಗಿದ ಮೇಲೆ ಕೆಲಸ ಸಿಗುತ್ತದೆಂದು ನೀವು ಖಾತರಿ ಕೊಟ್ಟರೆ ಸೇರಿಸಿಕೊಳ್ಳುತ್ತೇವೆ. ಅಂಥ ಖಾತರಿ ಕೊಡುವವರು ಯಾರಿದ್ದಾರೆ? ಆ ಬಾಗಿಲು ಮುಚ್ಚಿತು.

ಆಗ ಸಿಕ್ಕಿದ್ದು ಹಿತ್ತಲ ಬಾಗಿಲು. ಕೊಲಂಬಿಯಾದ ವೈದ್ಯಕೀಯ ಕಾಲೇಜಿನಲ್ಲಿ ರುಡಾಲ್ಫ್ ಶೋನ್‌ಹೈಮರ್ ಎಂಬ ಹೆಸರಾಂತ ಜೀವರಸಾಯನ ವಿಜ್ಞಾನಿಯ ಬಳಿ ಅರೆಕಾಲಿಕ ಸೆಕ್ರೆಟರಿ ಕೆಲಸ. ಅಲ್ಲಿದ್ದುಕೊಂಡು ಹೇಗಾದರೂ ತರಗತಿಗಳಿಗೆ ನುಸುಳಬಹುದು ಎಂಬ ಲೆಕ್ಕಾಚಾರ. ಆದರೆ ಶೀಘ್ರಲಿಪಿ ಕಲಿಯಬೇಕೆಂಬ ಷರತ್ತಿತ್ತು. 1941ರ ಜನವರಿಯಲ್ಲಿ ಹಂಟರ್ ಕಾಲೇಜಿನ ಮೊದಲ ಭೌತವಿಜ್ಞಾನ ಪದವೀಧರೆಯಾಗಿ ಹೊರಬಂದ ರೊಸಾಲಿನ್ ನೇರವಾಗಿ ಹೋದದ್ದು ಶೀಘ್ರಲಿಪಿ ಕ್ಲಾಸಿಗೆ.

ಫೆಬ್ರವರಿಯಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಬೋಧನಾ ಸಹಾಯಕಿಯ ಹುದ್ದೆಗೆ ಕರೆ ಬಂತು. ಯುದ್ಧದ ಕಾರ್ಮೋಡ ಕವಿಯುತ್ತಿತ್ತು, ಗಂಡಸರು ಸೈನ್ಯಕ್ಕೆ ಸೇರುತ್ತಿದ್ದರು, ಹಾಗಾಗಿ ಹೆಣ್ಣಿಗೊಂದು ಸೀಟು ಖಾಲಿಯಾಗಿತ್ತು. ಆಕೆಯೇ ಇದನ್ನು ಮುಂದೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಳು. ಪತ್ರ ಕೈಗೆ ಬಂದ ಮೇಲೆ ಶೀಘ್ರಲಿಪಿಯ ಪುಸ್ತಕಗಳನ್ನು ಹರಿದುಹಾಕಿದಳು. ಸೆಪ್ಟೆಂಬರಿನಲ್ಲಿ ಅಲ್ಲಿಗೆ ಹೋಗಿ ನೋಡಿದರೆ ಎಂಜಿನಿಯರಿಂಗ್ ಕಾಲೇಜಿನ 400 ಮಂದಿ ಬೋಧಕ ವರ್ಗದಲ್ಲಿ ತಾನೊಬ್ಬಳೇ ಹೆಂಗಸು. 1917ರ ನಂತರ ಆ ಸ್ಥಾನಕ್ಕೆ ಬಂದ ಮೊದಲಿಗಳು. ಆಕೆ ಎಂದೂ ಪಾಠ ಮಾಡಿದವಳಲ್ಲ. ಚೆನ್ನಾಗಿ ಕಲಿಸುತ್ತಾನೆಂದು ಹೆಸರಿದ್ದ ಕಿರಿಯ ಅಧ್ಯಾಪಕನೊಬ್ಬನ ತರಗತಿಯಲ್ಲಿ ಹಿಂದೆ ಕೂತು ಪಾಠ ಮಾಡುವುದು ಹೇಗೆಂದು ಕಲಿತಳು. ಹಂಟರ್‌ನಲ್ಲಿ ಕಲಿತ ಭೌತವಿಜ್ಞಾನ ಸಾಲದೆಂದು ಕಂಡಾಗ ಪದವಿ ತರಗತಿಗಳಿಗೂ ಹೋಗಿ ಕೂತಳು.

ನನ್ನನ್ನು ತಡೆದು ನಿಲ್ಲಿಸಿದ್ದು ಮೊದಲ ವರ್ಷದ ಫಲಿತಾಂಶದ ಪ್ರಸಂಗ. ಎಲ್ಲ ವಿಷಯಗಳಲ್ಲೂ ಎ ಗ್ರೇಡು. ಬೆಳಕಿನ ವಿಜ್ಞಾನದ ಪ್ರಯೋಗಾಲಯದಲ್ಲಿ ಮಾತ್ರ ಎ ಮೈನಸ್. ಅದನ್ನು ನೋಡಿದ ವಿಭಾಗದ ಮುಖ್ಯಸ್ಥರು, ಹೆಂಗಸರು ಪ್ರಯೋಗಾಲಯದ ಕೆಲಸಕ್ಕೆ ಲಾಯಕ್ಕಲ್ಲ ಎಂಬುದಕ್ಕೆ ಇದೇ ಸಾಕ್ಷಿ ಎಂದರಂತೆ. ಇದನ್ನು ಓದಿದಾಗ ಹಳದಿ ಪ್ಲೇಟು ಕಣ್ಣೆದುರು ಬಂತು. ನಮ್ಮ ಸರ್ ಆಡಿದ ಮಾತಿಗೆ ಇಷ್ಟು ದೊಡ್ಡ ವಂಶಾವಳಿ ಇದೆಯೆಂದು ಗೊತ್ತಿರಲಿಲ್ಲ. ಆಕೆಯಾದರೂ ಎ ಮೈನಸ್ ಪಡೆದವಳು, ನಾನು ಇಡೀ ಪ್ಲೇಟನ್ನೇ ಕಳೆದವಳು. ಆದರೂ ಮನಸ್ಸು ಸ್ವಲ್ಪ ಹಗುರವಾಯಿತು.

ಇಲಿನಾಯ್‌ನಲ್ಲಿ ಮೊದಲ ದಿನವೇ ಪರಿಚಯವಾದ ಸಹಪಾಠಿ ಆ್ಯರನ್ ಯಾಲೋ ಜೊತೆ 1943ರಲ್ಲಿ ಮದುವೆಯಾಯಿತು. 1945ರ ಜನವರಿಯಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಪಿಎಚ್‌.ಡಿ ಸಿಕ್ಕಿತು. ನ್ಯೂಯಾರ್ಕಿಗೆ ಮರಳಿ ಕೆಲಕಾಲ ಎಂಜಿನಿಯರ್ ಆದಳು. ನಂತರ ತಾನು ಓದಿದ ಹಂಟರ್ ಕಾಲೇಜಿನಲ್ಲೇ ಪಾಠ ಹೇಳಿದಳು. ಪಿಎಚ್‌.ಡಿ ಇದ್ದೂ ಸಂಶೋಧನೆಯ ಕೆಲಸ ಸಿಗಲಿಲ್ಲ. 1947ರ ಕೊನೆಯಲ್ಲಿ ಬ್ರಾಂಕ್ಸ್‌ನ ಮಾಜಿ ಸೈನಿಕರ ಆಸ್ಪತ್ರೆ ವಿಕಿರಣಶೀಲ ವಸ್ತುಗಳನ್ನು ಚಿಕಿತ್ಸೆಗೆ ಬಳಸುವ ಹೊಸ ವಿಭಾಗ ತೆರೆಯಿತು. ಅಲ್ಲಿ ಅರೆಕಾಲಿಕ ಸಲಹೆಗಾರ್ತಿಯಾಗಿ ಕರೆದರು. ಪ್ರಯೋಗಾಲಯಕ್ಕೆಂದು ಸಿಕ್ಕಿದ್ದು ಕಸಗುಡಿಸುವವರು ಪೊರಕೆ ಬಕೆಟ್ ಇಡುತ್ತಿದ್ದ ಕೋಣೆ. ಬೇಕಾದ ಉಪಕರಣಗಳು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಎಷ್ಟನ್ನೋ ತಾನೇ ವಿನ್ಯಾಸ ಮಾಡಿಕೊಂಡಳು. ಹಗಲು ಕಾಲೇಜು, ಉಳಿದ ಹೊತ್ತು ಆ ಕೋಣೆ.

1950ರಲ್ಲಿ ಬೋಧನೆ ಬಿಟ್ಟು ಪೂರ್ಣಾವಧಿಗೆ ಅಲ್ಲೇ ಸೇರಿದಳು. ಅದೇ ವರ್ಷ ಸಾಲೊಮನ್ ಬರ್ಸನ್ ಎಂಬ ಯುವ ವೈದ್ಯ ಜೊತೆಗೂಡಿದ. ಅವನದೂ ನಮ್ಮ ಜಾತಿಯ ಕತೆಯೇ, ಅಂದರೆ ಅರ್ಜಿ ಹಾಕಿ ಸೋತವರ ಜಾತಿ. ಇಪ್ಪತ್ತಕ್ಕೂ ಹೆಚ್ಚು ವೈದ್ಯಕೀಯ ಕಾಲೇಜುಗಳು ಅವನ ಅರ್ಜಿಯನ್ನು ತಿರಸ್ಕರಿಸಿದ್ದವು. ಚೆಸ್ ಆಡುತ್ತಿದ್ದ, ಪಿಟೀಲು ನುಡಿಸುತ್ತಿದ್ದ, ಕೂತಲ್ಲಿ ಕೂರದ ಬುದ್ಧಿವಂತ. ರೊಸಾಲಿನ್ ಜೀವವಿಜ್ಞಾನ ಓದಿರಲಿಲ್ಲ, ಅವನಿಗೆ ಭೌತವಿಜ್ಞಾನ ಹೆಚ್ಚು ತಿಳಿದಿರಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಮೇಷ್ಟರಾದರು. ಇಪ್ಪತ್ತೆರಡು ವರ್ಷ ನಡೆದ ಜೋಡಿ ಅದು.

ಆಗ ಒಂದು ಪ್ರಶ್ನೆ ವೈದ್ಯರನ್ನು ಕಾಡುತ್ತಿತ್ತು. ನಡುವಯಸ್ಸಿನಲ್ಲಿ ಬರುವ ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ಏನಾಗುತ್ತದೆ? ಇನ್ಸುಲಿನ್ ಎಂಬುದು 51 ಅಮೈನೊ ಆಮ್ಲಗಳ ಚಿಕ್ಕ ಪ್ರೋಟೀನು. ತಿಂದ ಅನ್ನದ ಸಕ್ಕರೆ ರಕ್ತದಿಂದ ಜೀವಕೋಶಕ್ಕೆ ಸೇರಲು ಅದರ ಅಪ್ಪಣೆ ಬೇಕು, ನಮ್ಮ ಇಡೀ ಚಯಾಪಚಯಕ್ಕೆ ಅದೇ ಯಜಮಾನ. ಈ ರೋಗಿಗಳ ದೇಹ ಇನ್ಸುಲಿನ್ನನ್ನು ಬೇಗಬೇಗ ಒಡೆದುಹಾಕುತ್ತದೆ ಎಂದು ಒಬ್ಬ ವಿಜ್ಞಾನಿ ಊಹಿಸಿದ್ದ. ಪರೀಕ್ಷಿಸಲು ಇಬ್ಬರೂ ಇನ್ಸುಲಿನ್‌ಗೆ ವಿಕಿರಣಶೀಲ ಐಯೋಡಿನ್-131 ಅಂಟಿಸಿ, ರೋಗವಿದ್ದವರಿಗೂ ಇಲ್ಲದವರಿಗೂ ಚುಚ್ಚಿ, ಅದು ಎಷ್ಟು ಹೊತ್ತು ರಕ್ತದಲ್ಲಿ ಉಳಿಯುತ್ತದೆಂದು ಎಣಿಸಿದರು. ಫಲಿತಾಂಶ ಊಹೆಗೆ ತದ್ವಿರುದ್ಧ. ಮೊದಲೇ ಇನ್ಸುಲಿನ್ ಚುಚ್ಚಿಸಿಕೊಂಡು ಅಭ್ಯಾಸವಾದವರ ರಕ್ತದಲ್ಲಿ ಅದು ಬೇಗ ಹೋಗುವುದಿರಲಿ, ಇನ್ನೂ ಹೆಚ್ಚು ಹೊತ್ತು ಉಳಿಯುತ್ತಿತ್ತು. ಯಾವುದೋ ಒಂದು ಅದನ್ನು ಹಿಡಿದಿಟ್ಟುಕೊಂಡಿದೆ. ಅದು ಪ್ರತಿಕಾಯ ಎಂಬ ತೀರ್ಮಾನಕ್ಕೆ ಬಂದರು. ಆಗಿನ ಇನ್ಸುಲಿನ್ ದನ ಮತ್ತು ಹಂದಿಗಳಿಂದ ತೆಗೆದದ್ದು. ಮನುಷ್ಯನ ದೇಹ ಅದನ್ನು ಹೊರಗಿನವನೆಂದು ಗುರುತಿಸಿ ಪ್ರತಿಕಾಯ ಕಟ್ಟಿತ್ತು.

ಆದರೆ ಇನ್ಸುಲಿನ್‌ನಷ್ಟು ಚಿಕ್ಕ ಪ್ರೋಟೀನಿಗೆ ಪ್ರತಿಕಾಯ ಹುಟ್ಟುವುದಿಲ್ಲ ಎಂಬುದು ಆಗಿನ ಪಂಡಿತರ ನಂಬಿಕೆ. ಒಂದು ಪ್ರಮುಖ ಪತ್ರಿಕೆ ಪ್ರಬಂಧವನ್ನು ಹಿಂದಿರುಗಿಸಿತು. ಎರಡನೆಯದೂ ಮೊದಲು ತಿರಸ್ಕರಿಸಿ, ಶೀರ್ಷಿಕೆಯಿಂದ ಇನ್ಸುಲಿನ್ ಪ್ರತಿಕಾಯ ಎಂಬ ಪದವನ್ನು ತೆಗೆದ ಮೇಲಷ್ಟೇ 1956ರಲ್ಲಿ ಪ್ರಕಟಿಸಿತು. ರೊಸಾಲಿನ್ ಆ ತಿರಸ್ಕಾರದ ಪತ್ರವನ್ನು ಹರಿದುಹಾಕಲಿಲ್ಲ. ಜೋಪಾನವಾಗಿ ಎತ್ತಿಟ್ಟಳು.

ಆಗ ಇಬ್ಬರಿಗೂ ಇನ್ನೊಂದು ಯೋಚನೆ ಹೊಳೆಯಿತು. ಪ್ರತಿಕಾಯ ಇನ್ಸುಲಿನ್ನನ್ನು ಹಿಡಿಯುತ್ತದೆ ಎಂದಾದರೆ, ಅದನ್ನೇ ಅಳತೆಗೋಲು ಮಾಡಿಕೊಂಡರೆ ಹೇಗೆ? ನಾನು ಇದನ್ನು ಅರ್ಥ ಮಾಡಿಕೊಂಡದ್ದು ಬಸ್ಸಿನ ಲೆಕ್ಕದಲ್ಲಿ. ಐವತ್ತು ಸೀಟಿನ ಬಸ್ಸಿದೆ ಅಂದುಕೊಳ್ಳಿ. ಸೀಟುಗಳೆಂದರೆ ಪ್ರತಿಕಾಯಗಳು. ಐವತ್ತು ಜನ ಕೆಂಪು ಟೋಪಿಯವರನ್ನು ಹತ್ತಿಸಿದರೆ ಎಲ್ಲ ಸೀಟೂ ಕೆಂಪು. ಇವರು ವಿಕಿರಣ ಅಂಟಿಸಿದ ಇನ್ಸುಲಿನ್. ಈಗ ಟೋಪಿಯಿಲ್ಲದ ಇನ್ನೂ ಐವತ್ತು ಜನರನ್ನು ಜೊತೆಗೇ ಬಿಟ್ಟರೆ ನೂಕುನುಗ್ಗಲಲ್ಲಿ ಅರ್ಧದಷ್ಟು ಸೀಟು ಅವರ ಪಾಲಾಗುತ್ತದೆ. ಟೋಪಿಯಿಲ್ಲದವರು ಹೆಚ್ಚಿದಷ್ಟೂ ಕೆಂಪು ಟೋಪಿ ಕಡಿಮೆ. ಟೋಪಿಯಿಲ್ಲದವರೇ ರೋಗಿಯ ರಕ್ತದ ಇನ್ಸುಲಿನ್. ಅವರನ್ನು ಎಣಿಸುವ ಗೋಜೇ ಬೇಡ. ಕೂತಿರುವ ಕೆಂಪು ಟೋಪಿಗಳನ್ನು ಎಣಿಸಿದರೆ ಸಾಕು, ಉಳಿದದ್ದು ಲೆಕ್ಕದಿಂದ ತಿಳಿಯುತ್ತದೆ.

ಖಾಲಿ ಹೊಟ್ಟೆಯಲ್ಲಿರುವ ಆರೋಗ್ಯವಂತರ ರಕ್ತದ ಒಂದು ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ ಇರುವ ಇನ್ಸುಲಿನ್ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ. ಅದನ್ನು ಅಳೆಯಲು ಅಂದಿನವರೆಗೆ ಇದ್ದದ್ದು ಪ್ರಾಣಿಗಳನ್ನೋ ಅವುಗಳ ಅಂಗಾಂಶವನ್ನೋ ಬಳಸುವ, ನೆಚ್ಚಲಾಗದ ವಿಧಾನಗಳು. ಯಾಲೋ ಮತ್ತು ಬರ್ಸನ್ ಗಿನಿಯಿಲಿಗಳಲ್ಲಿ ಪ್ರತಿಕಾಯ ಬೆಳೆಸಿ, 1959 ಮತ್ತು 1960ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ಈ ಕೆಲಸವನ್ನು ಪ್ರನಾಳದೊಳಗೇ ಮಾಡಿ ತೋರಿಸಿದರು. ರೇಡಿಯೊಇಮ್ಯುನೊಅಸ್ಸೇ ಎಂಬ ಹೆಸರು ಬಂದದ್ದು ಹೀಗೆ. ಅಳೆದು ನೋಡಿದಾಗ ನಡುವಯಸ್ಸಿನ ಸಕ್ಕರೆ ರೋಗಿಗಳಲ್ಲಿ ಅನೇಕರ ರಕ್ತದಲ್ಲಿ ಇನ್ಸುಲಿನ್ ಕಡಿಮೆಯಿರುವುದಿರಲಿ, ಮಾಮೂಲಿಗಿಂತ ಹೆಚ್ಚೇ ಇತ್ತು. ಇನ್ಸುಲಿನ್ ಇದ್ದೂ ದೇಹ ಅದರ ಮಾತು ಕೇಳುತ್ತಿಲ್ಲ. ನಮ್ಮ ಅಮ್ಮನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಮೈಯಲ್ಲಿ ಇನ್ಸುಲಿನ್ ಬತ್ತಿಹೋಗಿದೆ ಎಂದೇ ಅವಳು ತಿಳಿದಿದ್ದಳು. ಈ ಬಸ್ಸಿನ ಕತೆ ಹೇಳಿ ತಿದ್ದಿದ ದಿನ, ನನ್ನ ಎಂ.ಎಸ್ಸಿ ಮೊದಲ ಸಲ ಮನೆಯಲ್ಲಿ ಉಪಯೋಗಕ್ಕೆ ಬಂತು.

ಇಷ್ಟು ದೊಡ್ಡ ವಿಧಾನಕ್ಕೆ ಅವರಿಬ್ಬರೂ ಪೇಟೆಂಟ್ ಮಾಡಿಸಲಿಲ್ಲ. ಬಯಸಿದವರಿಗೆ ತಮ್ಮ ಪ್ರಯೋಗಾಲಯದಲ್ಲೇ ಕಲಿಸಿಕೊಟ್ಟರು. ಹಾರ್ಮೋನುಗಳು, ವಿಟಮಿನ್‌ಗಳು, ಔಷಧಗಳು, ವೈರಸ್‌ಗಳು ಹೀಗೆ ಒಂದೊಂದನ್ನೇ ಅಳೆಯುವ ವಿಧಾನಗಳು ಅದೇ ತತ್ವದ ಮೇಲೆ ಬಂದವು. ರಕ್ತನಿಧಿಗಳಲ್ಲಿ ಹೆಪಟೈಟಿಸ್-ಬಿ ಪತ್ತೆ, ಹುಟ್ಟಿದ ಮಗುವಿನ ಥೈರಾಯ್ಡ್ ಪರೀಕ್ಷೆ ಈ ದಾರಿಯಲ್ಲೇ ಸಾಧ್ಯವಾದವು. ಮುಂದೆ ಕಂಪನಿಗಳು ಎಲ್ಲವನ್ನೂ ಡಬ್ಬಿಯಲ್ಲಿ ಕಟ್ಟಿ ಮಾರತೊಡಗಿದವು. ಐಯೋಡಿನ್-131ರ ವಿಕಿರಣ ಎಂಟೇ ದಿನಕ್ಕೆ ಅರ್ಧವಾಗುತ್ತದೆ, ಮುಟ್ಟುವುದಕ್ಕೂ ಎಸೆಯುವುದಕ್ಕೂ ಜಾಗರೂಕತೆ ಬೇಕು. 1971ರಲ್ಲಿ ಸ್ವೀಡನ್ನಿನ ಈವಾ ಎಂಗ್‌ವಾಲ್ ಮತ್ತು ಪೀಟರ್ ಪರ್ಲ್‌ಮನ್ ವಿಕಿರಣದ ಬದಲು ಬಣ್ಣ ಬರಿಸುವ ಕಿಣ್ವವನ್ನು ಅಂಟಿಸುವ ವಿಧಾನ ಪ್ರಕಟಿಸಿದರು. ಅದೇ ಎಲೈಸಾ. ನಾನು ಹಾಳು ಮಾಡಿದ ಕಿಟ್ ಆ ವಂಶದ್ದು. ಅದರಲ್ಲಿ ಗುಳಿಯ ತಳದಲ್ಲೊಂದು ಪ್ರತಿಕಾಯ, ಮೇಲಿನಿಂದ ಕಿಣ್ವ ಹೊತ್ತ ಇನ್ನೊಂದು ಪ್ರತಿಕಾಯ, ನಡುವೆ ಸಿಕ್ಕಿಕೊಳ್ಳುವ ಇನ್ಸುಲಿನ್. ಇನ್ಸುಲಿನ್ ಹೆಚ್ಚಿದ್ದಷ್ಟೂ ಬಣ್ಣ ಗಾಢ. ಹಿಡಿತಕ್ಕೆ ಸಿಗದೆ ತೇಲುವ ಕಿಣ್ವವನ್ನು ತೊಳೆದು ಹಾಕದಿದ್ದರೆ ಅದೂ ಬಣ್ಣ ಬರಿಸುತ್ತದೆ. ಐದು ಸಲ ಯಾಕೆ ತೊಳೆಯಬೇಕು ಎಂಬುದು ನನಗೆ ಅರ್ಥವಾದದ್ದು ಕೈಪಿಡಿಯಿಂದಲ್ಲ, ಈ ಇತಿಹಾಸದಿಂದ.

ಮನೆಯ ಕಡೆಯೂ ಬದುಕು ನಡೆದಿತ್ತು. 1952ರಲ್ಲಿ ಬೆಂಜಮಿನ್, 1954ರಲ್ಲಿ ಎಲಾನಾ ಹುಟ್ಟಿದರು. ಬಸುರಿಗೆ ಐದು ತಿಂಗಳಾದರೆ ಕೆಲಸಕ್ಕೆ ರಾಜೀನಾಮೆ ಕೊಡಬೇಕೆಂಬ ನಿಯಮ ಆಗ ಆಸ್ಪತ್ರೆಯಲ್ಲಿತ್ತು. ಆಕೆ ಕೊಡಲಿಲ್ಲ. ಕೆಲಸ ಬಿಡಿಸಿದರೆ ನಷ್ಟ ಯಾರಿಗೆಂದು ಅಲ್ಲಿನವರಿಗೂ ಗೊತ್ತಿತ್ತು. ಮನೆ ಪ್ರಯೋಗಾಲಯದ ಹತ್ತಿರವೇ ಇದ್ದುದರಿಂದ ಊಟದ ಹೊತ್ತಿಗೆ ಬಂದು ಮಕ್ಕಳನ್ನು ನೋಡಿ ಹೋಗಬಹುದಿತ್ತು.

1968ರಲ್ಲಿ ಬರ್ಸನ್ ಬೇರೊಂದು ವೈದ್ಯಕೀಯ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥನಾದ. ಆದರೂ ಜೊತೆಯ ಕೆಲಸ ನಿಲ್ಲಲಿಲ್ಲ. 1972ರ ಏಪ್ರಿಲಿನಲ್ಲಿ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು ಐವತ್ತಮೂರು. ರೊಸಾಲಿನ್‌ಗೆ ಅದು ಸ್ನೇಹಿತನ ಸಾವಷ್ಟೇ ಆಗಿರಲಿಲ್ಲ. ಜೋಡಿಯಲ್ಲಿ ತಲೆ ಅವನದು, ಕೈ ಇವಳದು ಎಂದು ಆಡಿಕೊಳ್ಳುವವರು ಆಗಲೂ ಇದ್ದರು. ನೊಬೆಲ್ ಪ್ರಶಸ್ತಿ ಸತ್ತವರಿಗೆ ಕೊಡುವುದಿಲ್ಲ, ಹಾಗಾಗಿ ಅವಕಾಶ ಮುಗಿದೇಹೋಯಿತು ಎಂದೂ ಹಲವರು ಭಾವಿಸಿದರು. ಐವತ್ತು ದಾಟಿದ ಆಕೆ ವೈದ್ಯಕೀಯ ಪದವಿಗೆ ಸೇರಲೇ ಎಂದೂ ಯೋಚಿಸಿದಳು. ಕೊನೆಗೆ ಆ ಯೋಚನೆ ಬಿಟ್ಟು ಪ್ರಯೋಗಾಲಯದ ಬಾಗಿಲಿಗೆ ಬರ್ಸನ್ ಹೆಸರು ಹಾಕಿಸಿದಳು. ಅಲ್ಲಿಂದ ಹೊರಡುವ ಪ್ರತಿ ಪ್ರಬಂಧದಲ್ಲೂ ವಿಳಾಸದ ರೂಪದಲ್ಲಾದರೂ ಅವನ ಹೆಸರು ಇರಲಿ ಎಂದು. ಆಮೇಲೆ ಹೊಸ ಸಹಾಯಕರನ್ನು ಕಟ್ಟಿಕೊಂಡು ಮೊದಲಿಗಿಂತ ಹೆಚ್ಚು ದುಡಿದಳು.

1976ರಲ್ಲಿ ಮೂಲವಿಜ್ಞಾನದ ಲಾಸ್ಕರ್ ಪ್ರಶಸ್ತಿ ಪಡೆದ ಮೊದಲ ಮಹಿಳೆಯಾದಳು. 1977ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಬಂತು. ಅರ್ಧ ಆಕೆಗೆ, ಇನ್ನರ್ಧ ರೋಜರ್ ಗಿಯ್ಮಾ ಮತ್ತು ಆಂಡ್ರ್ಯೂ ಶಾಲಿ ಅವರಿಗೆ. ವೈದ್ಯವಿಜ್ಞಾನದಲ್ಲಿ ಗರ್ಟಿ ಕೋರಿಯ ನಂತರ ಇದನ್ನು ಪಡೆದ ಎರಡನೆಯ ಮಹಿಳೆ ಆಕೆ. ಸ್ಟಾಕ್‌ಹೋಮಿನ ನೊಬೆಲ್ ಉಪನ್ಯಾಸದಲ್ಲಿ ಆಕೆ ಹಳೆಯದೊಂದು ಕಾಗದವನ್ನು ಎಲ್ಲರಿಗೂ ತೋರಿಸಿದಳು. ಇಪ್ಪತ್ತು ವರ್ಷಕ್ಕೂ ಹಿಂದೆ ಎತ್ತಿಟ್ಟಿದ್ದ ಆ ತಿರಸ್ಕಾರದ ಪತ್ರ. 1991ರಲ್ಲಿ ನಿವೃತ್ತಿಯಾದಳು, 2011ರ ಮೇ 30ರಂದು ಬ್ರಾಂಕ್ಸ್‌ನಲ್ಲೇ ಕಣ್ಣುಮುಚ್ಚಿದಳು.

ಇಷ್ಟು ಬರೆದು ನನ್ನ ವಿಷಯಕ್ಕೆ ಬರುತ್ತೇನೆ. ಹಾಳಾದ ಪ್ಲೇಟಿನ ನಂತರ ಡಿಪಾರ್ಟ್‌ಮೆಂಟಿನ ಮೇಡಂ ಒಬ್ಬರು ತಮ್ಮ ಕಿಟ್‌ನಲ್ಲಿ ಉಳಿದಿದ್ದ ನಾಲ್ಕು ಸಾಲು ಗುಳಿಗಳನ್ನು ನನಗೆ ಕೊಟ್ಟರು. ಈ ಸಲ ಗಡಿಯಾರ ನೋಡದೆ, ಎಣಿಸಿ ಐದು ಸಲ ತೊಳೆದೆ. ಸೊನ್ನೆಯ ಗುಳಿ ನೀರಿನಂತೆ ತಿಳಿಯಾಗಿ ಉಳಿಯಿತು, ಉಳಿದವು ಎಳೆ ಹಳದಿಯಿಂದ ಗಾಢ ಹಳದಿಯವರೆಗೆ ಮೆಟ್ಟಿಲಿನ ಹಾಗೆ ಏರಿದವು. ಸರ್ ಏನೂ ಹೇಳಲಿಲ್ಲ, ಸಹಿ ಹಾಕಿದರು.

ಕೆಲಸ ಇನ್ನೂ ಸಿಕ್ಕಿಲ್ಲ. ಎರಡು ವರ್ಷದಲ್ಲಿ ಏಳು ಸಂದರ್ಶನ. ಒಂದು ಕಡೆ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಮದುವೆ ಯಾವಾಗ ಎಂದು ಕೇಳಿದರು. ಉತ್ತರ ಸರಿಯಿತ್ತೋ ಇಲ್ಲವೋ, ಕರೆ ಬರಲಿಲ್ಲ. ಅಪ್ಪನ ಮಾತಿಗೆ ಬೆಲೆ ಕೊಟ್ಟು ಟೈಪಿಂಗ್ ಕ್ಲಾಸಿಗೆ ಸೇರಿದ್ದೇನೆ, ಎಸ್‌ಡಿಎ, ಎಫ್‌ಡಿಎ ಪುಸ್ತಕಗಳೂ ಮೇಜಿನ ಮೇಲಿವೆ. ಅದರಲ್ಲಿ ನಾಚಿಕೆಯೇನಿಲ್ಲ. ನೊಬೆಲ್ ಪಡೆದವಳೂ ಶೀಘ್ರಲಿಪಿ ಕಲಿಯಲು ಹೋದವಳೇ. ಆಕೆಗೆ ದಾರಿ ತೆರೆದದ್ದು ಪ್ರತಿಭೆಯೊಂದೇ ಅಲ್ಲ, ಯುದ್ಧದ ಕಾಲದ ಒಂದು ಖಾಲಿ ಸೀಟು ಕೂಡ. ಸೀಟು ಯಾವಾಗ ಖಾಲಿಯಾಗುತ್ತದೆಂಬುದು ನಮ್ಮ ಕೈಯಲ್ಲಿಲ್ಲ. ಖಾಲಿಯಾದಾಗ ಭೌತವಿಜ್ಞಾನ ಮರೆತಿರದ ಹಾಗೆ ನೋಡಿಕೊಂಡದ್ದು ಮಾತ್ರ ಆಕೆಯ ಕೈಯಲ್ಲಿತ್ತು. ಹಾಗಾಗಿ ರಾತ್ರಿ ಟೈಪಿಂಗ್ ಅಭ್ಯಾಸ ಮುಗಿದ ಮೇಲೆ ಅರ್ಧ ಗಂಟೆ ಬಯೋಕೆಮಿಸ್ಟ್ರಿ ನೋಟ್ಸ್ ತೆರೆಯುತ್ತೇನೆ.

ಬಂದ ತಿರಸ್ಕಾರದ ಪತ್ರಗಳನ್ನು ಈಗ ಎಸೆಯುವುದಿಲ್ಲ, ಒಂದು ಫೈಲಿನಲ್ಲಿ ಹಾಕಿಡುತ್ತಿದ್ದೇನೆ. ಬರುವ ಸೋಮವಾರ ರೋಗಪತ್ತೆ ಪ್ರಯೋಗಾಲಯವೊಂದರಲ್ಲಿ ಟ್ರೈನಿ ಹುದ್ದೆಗೆ ಸಂದರ್ಶನವಿದೆ. ಸಂಬಳ ಕಡಿಮೆ, ಆದರೆ ಬೆಂಚಿನ ಕೆಲಸ. ಟೈಪಿಂಗ್ ಪುಸ್ತಕ ಹರಿಯುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ. ಅಷ್ಟಕ್ಕೂ ಅದು ಕ್ಲಾಸಿನವರದ್ದು, ವಾಪಸ್ ಕೊಡಬೇಕು.